ಊರಿನ ಇಂಧನ, ಊರಿನ ಲೆಕ್ಕ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬೇಸಾಯಕ್ಕೆ ಭೂಮಿ, ನೀರು, ಬೀಜ ಮತ್ತು ಗೊಬ್ಬರ ಎಷ್ಟು ಅವಶ್ಯಕವೋ ಶಕ್ತಿಯೂ ಅಷ್ಟೇ ಅವಶ್ಯಕ. ಕೊಳವೆ ಬಾವಿಯಿಂದ ನೀರೆತ್ತಲು, ರಾಗಿ ಬೀಸಲು, ಅನ್ನ ಬೇಯಿಸಲು, ರಾತ್ರಿ ಮಕ್ಕಳು ಓದಲು ಶಕ್ತಿ ಬೇಕು. ಆದರೆ ಎಕರೆಗೆ ಎಷ್ಟು ಕ್ವಿಂಟಾಲ್ ಬಂತು, ಗೊಬ್ಬರಕ್ಕೆ ಎಷ್ಟು ಖರ್ಚಾಯಿತು ಎಂದು ಲೆಕ್ಕವಿಡುವ ರೈತನೂ ತನ್ನ ಮನೆಯಲ್ಲಿ ಮತ್ತು ಊರಿನಲ್ಲಿ ಖರ್ಚಾಗುವ ಶಕ್ತಿಯ ಲೆಕ್ಕ ಇಡುವುದು ಅಪರೂಪ. ಅದರಲ್ಲಿ ಹೆಚ್ಚಿನ ಪಾಲು ಪೇಟೆಯಿಂದ ಕೊಂಡು ತರುವುದಲ್ಲ, ಹೆಂಗಸರು ತಲೆಯ ಮೇಲೆ ಹೊತ್ತು ತರುವುದು ಎಂಬುದೇ ಇದಕ್ಕೆ ಕಾರಣವಿರಬಹುದು.

ಸೂರ್ಯನ ಬಿಸಿಲು, ಗಾಳಿ, ದನದ ಸಗಣಿ, ಸೌದೆ ಇವು ಬಳಸಿದಷ್ಟೂ ಮತ್ತೆ ದೊರೆಯುವ ಶಕ್ತಿಮೂಲಗಳು. ಇವುಗಳ ಬಗ್ಗೆ ಇಂದು ಸರ್ಕಾರ, ಕಂಪನಿ, ಬ್ಯಾಂಕು ಎಲ್ಲವೂ ಮಾತನಾಡುತ್ತವೆ. ಹೀಗಿರುವಾಗ ಒಂದು ಯೋಜನೆ ಊರಿಗೆ ಬಂದಾಗ ಅದು ನಿಲ್ಲುವಂತಹುದೇ, ಅದರ ಲಾಭ ಯಾರಿಗೆ, ಹೊರೆ ಯಾರಿಗೆ ಎಂದು ಅಳೆದು ನೋಡುವುದು ರೈತನಿಗೆ ಗೊತ್ತಿರಬೇಕು. ಇದಕ್ಕೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದ ಅನುಭವಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಪುರ ಗ್ರಾಮದ ಶಕ್ತಿಯ ಲೆಕ್ಕ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಪ್ರಾರಂಭವಾಯಿತು. ವಿಜ್ಞಾನವನ್ನು ಗ್ರಾಮಗಳ ಉಪಯೋಗಕ್ಕೆ ತರುವುದು ಅದರ ಉದ್ದೇಶ. ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು ಅದರ ಮುಂದಾಳು. ಈ ಘಟಕದವರು ಯಂತ್ರವನ್ನು ಹೊತ್ತುಕೊಂಡು ಹಳ್ಳಿಗೆ ಹೋಗಲಿಲ್ಲ. ಮೊದಲು ಮನೆ ಮನೆಗೆ ಹೋಗಿ ಲೆಕ್ಕ ತೆಗೆದರು.

1977ರಲ್ಲಿ ಪುರದಲ್ಲಿ 56 ಮನೆಗಳು, 357 ಜನ ಇದ್ದರು. ಊರಿನಲ್ಲಿ ಬಳಕೆಯಾಗುತ್ತಿದ್ದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 89 ಪಾಲು ಸೌದೆಯಿಂದ, 7 ಪಾಲು ಮನುಷ್ಯರ ದುಡಿಮೆಯಿಂದ, 2 ಪಾಲು ಸೀಮೆಎಣ್ಣೆಯಿಂದ ಬರುತ್ತಿತ್ತು. ಎತ್ತುಗಳಿಂದ ಒಂದು ಪಾಲು. ವಿದ್ಯುತ್ತಿನಿಂದಲೂ ಒಂದೇ ಪಾಲು. ವರ್ಷಕ್ಕೆ ಸುಮಾರು 217 ಟನ್ ಸೌದೆ ಉರಿಯುತ್ತಿತ್ತು, ಅಂದರೆ ತಲೆಗೆ ಸುಮಾರು 600 ಕಿಲೋಗ್ರಾಂ. ಇದರ ಬಹುಪಾಲು ಅಡಿಗೆಯ ಒಲೆಗೆ, ಉಳಿದುದರಲ್ಲಿ ಹೆಚ್ಚಿನದು ಸ್ನಾನದ ನೀರಿನ ಹಂಡೆಗೆ ಹೋಗುತ್ತಿತ್ತು. ಮನುಷ್ಯರ ದುಡಿಮೆಯನ್ನು ಬಿಡಿಸಿ ನೋಡಿದಾಗ ಅದರಲ್ಲಿ ನೂರಕ್ಕೆ 53 ಪಾಲು ಹೆಂಗಸರದು, 31 ಪಾಲು ಗಂಡಸರದು, 16 ಪಾಲು ಮಕ್ಕಳದು ಎಂದು ತಿಳಿದುಬಂತು.

ಈ ಅಂಕಿಗಳನ್ನು ಗಮನವಿಟ್ಟು ನೋಡಬೇಕು. ಗ್ರಾಮದ ಶಕ್ತಿ ಎಂದರೆ ವಿದ್ಯುತ್ ಕಂಬ ಎಂದೇ ಬಹಳ ಜನ ತಿಳಿಯುತ್ತಾರೆ. ಪುರದಲ್ಲಿ ನಿಜವಾದ ಶಕ್ತಿ ಸೌದೆಯ ಹೊರೆಯಲ್ಲಿ ಮತ್ತು ಅದನ್ನು ಹೊತ್ತು ತರುವವಳ ಬೆನ್ನಿನಲ್ಲಿ ಇತ್ತು.

ಮೊದಲ ಪ್ರಯತ್ನ ಏಕೆ ಫಲಿಸಲಿಲ್ಲ?

ಸೌದೆಯೇ ದೊಡ್ಡ ಪಾಲಾಗಿರುವಾಗ ಅಡಿಗೆಗೆ ಬೇರೆ ಇಂಧನ ಒದಗಿಸಬೇಕು ಎಂದು ಯೋಚಿಸುವುದು ಸಹಜವೇ ಆಗಿತ್ತು. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ದೊಡ್ಡ ಗೋಬರ್ ಗ್ಯಾಸ್ ಘಟಕ ಕಟ್ಟಿ, ಎಲ್ಲ ಮನೆಗಳ ಒಲೆಗೂ ಅನಿಲ ಕೊಡುವ ಯೋಜನೆ ಸಿದ್ಧವಾಯಿತು. ಘಟಕ ಕಟ್ಟಿದ್ದೂ ಆಯಿತು. ಆದರೆ ಅಡಿಗೆಯ ಅನಿಲ ಕೈಗೂಡಲಿಲ್ಲ.

ಇದರ ಕಾರಣವನ್ನು ಒಂದು ಸುಲಭ ಗುಣಾಕಾರದಿಂದ ತಿಳಿಯಬಹುದು. ಒಬ್ಬರ ಅಡಿಗೆಗೆ ದಿನಕ್ಕೆ ಸುಮಾರು ಕಾಲು ಘನ ಮೀಟರ್ ಅನಿಲ ಬೇಕು. 357 ಜನರಿಗೆ ಸುಮಾರು 90 ಘನ ಮೀಟರ್ ಆಯಿತು. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ಅಂದರೆ ದಿನವೂ ಎರಡು ಟನ್ನಿಗೂ ಮೀರಿ ಸಗಣಿ ಘಟಕಕ್ಕೆ ಬಂದು ಬೀಳಬೇಕು. ನಾಟಿ ಹಸು ಎತ್ತುಗಳು ಹಗಲೆಲ್ಲ ಗೋಮಾಳದಲ್ಲಿ ಮೇಯುತ್ತವೆ. ಅಲ್ಲಿ ಬಿದ್ದ ಸಗಣಿ ಕೊಟ್ಟಿಗೆಗೆ ಬರುವುದಿಲ್ಲ. ಬೇಸಿಗೆಯಲ್ಲಿ ಮೇವು ಕಡಿಮೆಯಾದರೆ ಸಗಣಿಯೂ ಕಡಿಮೆ. ಎಲ್ಲರ ಪೂರ್ಣ ಅಡಿಗೆಗೂ ಸಾಕಾಗದ ಅನಿಲವಿದ್ದರೆ ಪ್ರತಿ ಮನೆಯಲ್ಲೂ ಸೌದೆಯ ಒಲೆಯೂ ಉರಿಯಲೇಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿತ್ತು. ಸೌದೆಗೆ ಊರಿನವರು ಹಣ ಕೊಡುತ್ತಿರಲಿಲ್ಲ. ಹೆಂಗಸರು ಮಕ್ಕಳು ಆರಿಸಿ ತರುತ್ತಿದ್ದರು. ಮನೆಯ ಯಜಮಾನನ ಲೆಕ್ಕದಲ್ಲಿ ಅದು ಖರ್ಚೇ ಅಲ್ಲ. ಹೀಗಾಗಿ ಅಡಿಗೆ ಅನಿಲ ಊರಿನ ಮೊದಲ ಬೇಡಿಕೆಯಾಗಿರಲಿಲ್ಲ. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ಶುದ್ಧ ನೀರು. ಹೊರಗಿನವರು ಎಣಿಸಿದ ಅಗತ್ಯ ಒಂದು, ಊರಿನವರ ಅಗತ್ಯ ಮತ್ತೊಂದು. ಈ ಅಂತರ ಇದ್ದಾಗ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಯೋಜನೆ ನಿಲ್ಲುವುದಿಲ್ಲ.

ಎರಡನೆಯ ಪ್ರಯತ್ನ

ಘಟಕವನ್ನು ಕೈಬಿಡದೆ ಅದರ ಉಪಯೋಗವನ್ನೇ ಬದಲಾಯಿಸಲಾಯಿತು. 1987ರಿಂದ ಪುರದ ಅನಿಲ ಒಲೆಗೆ ಹೋಗುವ ಬದಲು ಎಂಜಿನ್ನಿಗೆ ಹೋಯಿತು. 7 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಅನ್ನು ಸ್ವಲ್ಪ ಮಾರ್ಪಡಿಸಿ, ಹೆಚ್ಚು ಪಾಲು ಅನಿಲದಿಂದಲೂ ಉಳಿದ ಪಾಲು ಡೀಸೆಲ್‌ನಿಂದಲೂ ಓಡುವಂತೆ ಮಾಡಿದರು. ಅದಕ್ಕೆ ಜೋಡಿಸಿದ 5 ಕಿಲೋವ್ಯಾಟ್ ಜನರೇಟರಿನಿಂದ ಕೊಳವೆ ಬಾವಿಯ ಪಂಪು ಓಡಿ ನಲ್ಲಿಯಲ್ಲಿ ಕುಡಿಯುವ ನೀರು ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್ ದೀಪ ಹತ್ತಿತು. ಎಲ್ಲರ ಒಲೆಗೆ ಸಾಲದ ಸಗಣಿ ನೀರಿಗೂ ದೀಪಕ್ಕೂ ಸಾಕಾಯಿತು.

ಇಲ್ಲಿ ಮಾಡಿದ ಏರ್ಪಾಡನ್ನು ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ತಿಳಿದುಕೊಳ್ಳಬೇಕು.

ಮೊದಲನೆಯದಾಗಿ, ಸಗಣಿಯನ್ನು ಪುಕ್ಕಟೆ ಕೇಳಲಿಲ್ಲ. ಘಟಕಕ್ಕೆ ತಂದು ತೂಕ ಹಾಕಿಸಿದವರಿಗೆ ಕಿಲೋಗೆ 2 ಪೈಸೆಯಂತೆ ಕೊಡಲಾಯಿತು. 50 ಕಿಲೋ ತಂದರೆ ಒಂದು ರೂಪಾಯಿ. ತರುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳಾಗಿದ್ದುದರಿಂದ ಆ ಹಣ ಅವರ ಕೈಗೇ ಸೇರಿತು.

ಎರಡನೆಯದಾಗಿ, ಗೊಬ್ಬರ ಕಳೆದುಹೋಗಲಿಲ್ಲ. ಅನಿಲ ತೆಗೆದ ಮೇಲೆ ಹೊರಬರುವ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಹರಿಸಿ, ನೀರು ಬಸಿದು, ಮಂಕರಿಯಲ್ಲಿ ಹೊರಬಹುದಾದಷ್ಟು ಗಟ್ಟಿಯಾದ ಮೇಲೆ, ಯಾರು ಎಷ್ಟು ಸಗಣಿ ಕೊಟ್ಟಿದ್ದರೋ ಅದೇ ಪ್ರಮಾಣದಲ್ಲಿ ಅವರಿಗೆ ಹಿಂದಿರುಗಿಸಲಾಯಿತು. ಸಗಣಿ ಕೊಟ್ಟರೆ ಹೊಲಕ್ಕೆ ಗೊಬ್ಬರ ಎಲ್ಲಿ ಎಂಬ ರೈತನ ಭಯ ನ್ಯಾಯವಾದದ್ದು. ಆ ಭಯಕ್ಕೆ ಮಾತಿನಿಂದಲ್ಲ, ಮಂಕರಿಯಿಂದ ಉತ್ತರ ಕೊಟ್ಟರು.

ಮೂರನೆಯದಾಗಿ, ಘಟಕ ನಡೆಸುವ ಕೆಲಸಕ್ಕೆ ಊರಿನ ಯುವಕರನ್ನೇ ತರಬೇತಿ ಕೊಟ್ಟು ನೇಮಿಸಿದರು. ಆಡಳಿತ ಗ್ರಾಮ ವಿಕಾಸ ಸಭೆಗೆ ಸೇರಿತ್ತು. ದೀಪಕ್ಕೂ ನೀರಿಗೂ ಮನೆಗಳಿಂದ ಶುಲ್ಕ ಪಡೆಯಲಾಗುತ್ತಿತ್ತು.

ಗೋಮಾಳ, ಕೆರೆ, ಗುಂಡುತೋಪು ಮೊದಲಾದ ಊರೊಟ್ಟಿನ ಆಸ್ತಿಯನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಬಳಸಿ ಕೆಡಿಸುತ್ತಾನೆ ಎಂಬ ಮಾತಿದೆ. ಪುರದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು ಎಂದು ರೆಡ್ಡಿಯವರು ತೋರಿಸಿದರು. ಯಾರಾದರೂ ಸಗಣಿ ತರದೆ ಉದಾಸೀನ ಮಾಡಿ ಘಟಕ ನಿಂತರೆ ಊರಿನವರೊಂದಿಗೆ ಅವರ ಮನೆಯ ದೀಪವೂ ಆರುತ್ತದೆ, ನಲ್ಲಿಯೂ ನಿಲ್ಲುತ್ತದೆ. ಊರೊಟ್ಟಿನ ಕೆಲಸ ಕೆಟ್ಟರೆ ಆಗುವ ನಷ್ಟ, ಕೈಬಿಟ್ಟು ಗಳಿಸುವ ಸಣ್ಣ ಲಾಭಕ್ಕಿಂತ ದೊಡ್ಡದಾಗಿತ್ತು. ಆದ್ದರಿಂದಲೇ ಜನ ಕೂಡಿ ನಡೆಸಿದರು. ಸುಮಾರು ಹತ್ತು ವರ್ಷ ಆ ವ್ಯವಸ್ಥೆ ನಡೆಯಿತು. ಇಂದು ಅದು ಇಲ್ಲ. ಆದರೂ ಒಂದು ಸಣ್ಣ ಗ್ರಾಮ ತನ್ನ ಕೊಟ್ಟಿಗೆಯಿಂದಲೇ ಬೆಳಕು, ನೀರು ಮತ್ತು ಗೊಬ್ಬರ ಮೂರನ್ನೂ ಪಡೆಯಬಹುದೆಂದು ಸಿದ್ಧಮಾಡಿ ತೋರಿಸಿದ್ದು ಸಣ್ಣ ಮಾತಲ್ಲ.

ಮನೆಯ ಮಟ್ಟದ ಗೋಬರ್ ಗ್ಯಾಸ್

ಊರೊಟ್ಟಿನ ಘಟಕಕ್ಕೆ ಅನುಕೂಲವಿಲ್ಲದ ಕಡೆ ಮನೆಗೊಂದು ಘಟಕ ಇಂದಿಗೂ ಒಳ್ಳೆಯದು. ತೇಲುವ ಡೋಲಿನ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಪ್ರಚಾರಕ್ಕೆ ತಂದಿತು. ಡೋಲಿಲ್ಲದೆ ಇಟ್ಟಿಗೆಯ ಗುಮ್ಮಟದಿಂದಲೇ ಕಟ್ಟುವ ಜನತಾ ಮಾದರಿ 1978ರಲ್ಲಿಯೂ, ಖರ್ಚು ಇನ್ನೂ ಕಡಿಮೆಯಾದ ದೀನಬಂಧು ಮಾದರಿ 1984ರಲ್ಲಿಯೂ ಬಂದವು. ಕೇಂದ್ರ ಸರ್ಕಾರ 1981–82ರಿಂದ ರಾಷ್ಟ್ರೀಯ ಯೋಜನೆಯಡಿ ಸಹಾಯಧನ ಕೊಡಲಾರಂಭಿಸಿತು. ಆಗ ಕಟ್ಟಿದ ಘಟಕಗಳಲ್ಲಿ ಹಲವು ಇಂದಿಗೂ ಉರಿಯುತ್ತಿವೆ, ಹಲವು ಹಾಳುಬಿದ್ದ ಗುಂಡಿಗಳಾಗಿವೆ. ಕೆಟ್ಟುಹೋಗುವುದಕ್ಕೆ ಸಾಮಾನ್ಯ ಕಾರಣಗಳು ಕೆಲವೇ. ಅವನ್ನು ತಪ್ಪಿಸಲು ಈ ಅಂಶಗಳನ್ನು ಗಮನಿಸಬೇಕು.

1. ಘಟಕದ ಗಾತ್ರವನ್ನು ಸಹಾಯಧನ ನೋಡಿ ನಿರ್ಧರಿಸಬಾರದು, ಸಗಣಿ ನೋಡಿ ನಿರ್ಧರಿಸಬೇಕು. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ ಬೇಕು. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ನಾಲ್ಕೈದು ರಾಸುಗಳಿಂದ ಇಷ್ಟು ದೊರೆಯುತ್ತದೆ.

2. ಸಗಣಿ ಮತ್ತು ನೀರನ್ನು ಸಮಪಾಲಿನಲ್ಲಿ, ಹುಲ್ಲು ಕಡ್ಡಿ ಕಲ್ಲು ಇಲ್ಲದಂತೆ ಕಲಸಿ ಪ್ರತಿ ದಿನ ಹಾಕಬೇಕು. ಒಂದು ದಿನ ಹಾಕಿ ಮೂರು ದಿನ ಬಿಟ್ಟರೆ ಅನಿಲ ಸರಿಯಾಗಿ ಬರುವುದಿಲ್ಲ. ಸೋಪಿನ ನೀರು, ಫಿನಾಯಿಲ್ ಒಳಗೆ ಸೇರಿದರೆ ಅನಿಲ ಉತ್ಪತ್ತಿ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ.

3. ಸ್ಥಳ ಕೊಟ್ಟಿಗೆಗೂ ಅಡಿಗೆಮನೆಗೂ ಹತ್ತಿರವಿರಲಿ, ಬಿಸಿಲು ಬೀಳುವಂತಿರಲಿ. ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಪಕ್ಕದಲ್ಲಿ ದೊಡ್ಡ ಮರವಿದ್ದರೆ ಬೇರು ಗುಂಡಿಯ ಗೋಡೆಯನ್ನು ಸೀಳುತ್ತದೆ.

4. ಕಬ್ಬಿಣದ ಡೋಲಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯದಿದ್ದರೆ ತುಕ್ಕು ಹಿಡಿದು ತೂತಾಗುತ್ತದೆ. ಕೊಳವೆಯಲ್ಲಿ ನಿಲ್ಲುವ ನೀರನ್ನು ಆಗಾಗ್ಗೆ ಹೊರಬಿಡಬೇಕು. ಇಲ್ಲವಾದರೆ ಉರಿ ಕುಣಿಯುತ್ತದೆ, ಕೊನೆಗೆ ನಿಂತೇಹೋಗುತ್ತದೆ.

5. ಯಾವ ಕಾರಣಕ್ಕೂ ಘಟಕದ ಗುಂಡಿಯೊಳಗೆ ಇಳಿಯಕೂಡದು. ಒಳಗಿನ ಅನಿಲದಿಂದ ಕ್ಷಣದಲ್ಲಿ ಪ್ರಜ್ಞೆ ತಪ್ಪಿ ಪ್ರಾಣ ಹೋಗುತ್ತದೆ. ಎತ್ತಲು ಇಳಿದವನೂ ಉಳಿಯುವುದಿಲ್ಲ. ಸ್ವಚ್ಛತೆ ಅಥವಾ ದುರಸ್ತಿ ಬೇಕಾದಾಗ ತರಬೇತಿ ಪಡೆದ ತಂತ್ರಜ್ಞರನ್ನೇ ಕರೆಸಬೇಕು.

ಒಂದು ಘನ ಮೀಟರ್ ಅನಿಲ ಸುಮಾರು 3.5 ಕಿಲೋ ಸೌದೆಯ ಕೆಲಸ ಮಾಡುತ್ತದೆ. ಹೊಗೆಯಿಲ್ಲ, ಪಾತ್ರೆಗೆ ಮಸಿಯಿಲ್ಲ, ಕಣ್ಣುರಿಯಿಲ್ಲ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರ ಬೂದಿಯಾಗುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯೂ ದೊರೆಯುತ್ತದೆ, ಗೊಬ್ಬರವೂ ಉಳಿಯುತ್ತದೆ. ಬಗ್ಗಡವನ್ನು ತರಗು, ಹುಲ್ಲಿನೊಂದಿಗೆ ಪದರ ಪದರವಾಗಿ ಗುಂಡಿಯಲ್ಲಿ ಹಾಕಿ ಕಾಂಪೋಸ್ಟ್ ಮಾಡಿದರೆ ಸಾರಜನಕ ನಷ್ಟವಾಗದೆ ಹೊಲ ಸೇರುತ್ತದೆ.

ಬಿಸಿಲಿನ ಬೆಳೆ

ಈಗ ಸೂರ್ಯಶಕ್ತಿಯ ವಿಷಯ. ಇದರಲ್ಲಿ ವ್ಯಾಪಾರ ಸಂಸ್ಥೆಗಳ ಪಾತ್ರವೂ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪ ಮಾರಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವನಿಗೆ ದೀಪವನ್ನು ಒಮ್ಮೆಗೇ ಕೊಳ್ಳುವ ಶಕ್ತಿ ಇಲ್ಲದಿದ್ದರೂ ಕಂತಿನಲ್ಲಿ ತೀರಿಸುವ ಶಕ್ತಿ ಇದೆ ಎಂದು ಬ್ಯಾಂಕುಗಳಿಗೆ ಮನವರಿಕೆ ಮಾಡಿಕೊಟ್ಟದ್ದು ಅಲ್ಲಿನ ಮುಖ್ಯ ಕೆಲಸ. ಕಂತು ಗಿರಾಕಿಯ ಸಂಪಾದನೆಯ ರೀತಿಗೆ ಹೊಂದಬೇಕು, ಮಾರಿದ ಮೇಲೆ ದುರಸ್ತಿಗೆ ಹತ್ತಿರದಲ್ಲೇ ಜನ ಸಿಗಬೇಕು. ಸೌರ ಸಾಮಾನು ಕೊಳ್ಳುವ ಪ್ರತಿಯೊಬ್ಬ ರೈತನೂ ಮಾರುವವರನ್ನು ಈ ಎರಡು ವಿಷಯ ಕೇಳಬೇಕು.

ಸರ್ಕಾರದ ದೊಡ್ಡ ಕೆಲಸಕ್ಕೆ ಉದಾಹರಣೆ ತುಮಕೂರು ಜಿಲ್ಲೆಯದೇ ಪಾವಗಡ. ಪದೇ ಪದೇ ಬರ ಬೀಳುವ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕ್ ನಿರ್ಮಾಣವಾಯಿತು. 2018ರಲ್ಲಿ ಉತ್ಪಾದನೆ ಪ್ರಾರಂಭವಾಗಿ, 2019ರ ಕೊನೆಯ ಹೊತ್ತಿಗೆ 2,000 ಮೆಗಾವ್ಯಾಟ್ ಮುಟ್ಟಿತು. ಇಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಹೊಲದ ಒಡೆತನ ರೈತನಲ್ಲೇ ಉಳಿಯಿತು. ಮಳೆಯಿಲ್ಲದ ವರ್ಷವೂ ಹಣ ಕೈಗೆ ಬರುತ್ತದೆ. ಇದು ಒಳ್ಳೆಯದೇ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತಿರುವಿ ನೋಡಬೇಕು. ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಆ ಹೊಲಗಳಲ್ಲಿ ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ. ಬೇಲಿ ಬಿದ್ದ ನೆಲದಲ್ಲಿ ಕುರಿ ಮೇಯಿಸುವಂತಿಲ್ಲ. ಎಕರೆ ಹೆಚ್ಚಿದ್ದವರಿಗೆ ಹೆಚ್ಚು, ಇಲ್ಲದವರಿಗೆ ಏನೂ ಇಲ್ಲ. ಪುರದಲ್ಲಿ ಸಗಣಿ ಹೊತ್ತು ತಂದ ಕೂಲಿ ಹೆಂಗಸಿಗೂ ಎರಡು ಪೈಸೆಯ ಲೆಕ್ಕವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಇಂತಹ ಯೋಜನೆ ಬರುವ ಊರಿನಲ್ಲಿ ಭೂಮಿ ಇಲ್ಲದವರಿಗೆ ಕೆಲಸ, ಕುರಿಗಾರರಿಗೆ ಮೇವಿನ ಜಾಗ ಎಷ್ಟು ಎಂಬುದನ್ನು ಒಪ್ಪಂದಕ್ಕೆ ಮುಂಚೆಯೇ ಗ್ರಾಮಸಭೆ ಕೇಳುವುದು ಸೂಕ್ತ. ರುಜು ಹಾಕಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಸೌರ ಪಂಪು ಮತ್ತು ಅಂತರ್ಜಲ

ರೈತರು ಹೆಚ್ಚಾಗಿ ಕೇಳುವುದು ಸೌರ ಪಂಪಿನ ಬಗ್ಗೆ. ಕೇಂದ್ರ ಸರ್ಕಾರ 2019ರಲ್ಲಿ ಕುಸುಮ್ ಯೋಜನೆ ಪ್ರಾರಂಭಿಸಿದಾಗ, ಪಂಪಿನ ವೆಚ್ಚದಲ್ಲಿ ನೂರಕ್ಕೆ 30 ಪಾಲು ಕೇಂದ್ರ, 30 ಪಾಲು ರಾಜ್ಯ, ಉಳಿದದ್ದು ಸಾಲವೂ ಸೇರಿದಂತೆ ರೈತ ಭರಿಸುವುದೆಂದು ಗೊತ್ತುಮಾಡಿತು. ರಾಜ್ಯಗಳ ಪಾಲಿನಲ್ಲಿ ವ್ಯತ್ಯಾಸವಿರುವುದರಿಂದ ಈಗಿನ ಪ್ರಮಾಣವನ್ನು ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು.

ಸೌರ ಪಂಪಿನ ಅನುಕೂಲ ಸ್ಪಷ್ಟ. ಕರೆಂಟಿಗಾಗಿ ಮಧ್ಯರಾತ್ರಿ ಹೊಲಕ್ಕೆ ಹೋಗಿ ಹಾವು ತುಳಿಯುವ ಭಯವಿಲ್ಲ. ಹಗಲಿನಲ್ಲೇ ನೀರು. ಆದರೆ ಅನುಕೂಲದಲ್ಲೇ ಅಪಾಯವೂ ಇದೆ. ಬಿಸಿಲಿಗೆ ಬಿಲ್ಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪಂಪು ಓಡಿದರೂ ಕಾಸಿನ ಖರ್ಚಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗಳಲ್ಲಿ ಕೊಳವೆ ಬಾವಿಗಳು ಸಾವಿರ ಅಡಿ ದಾಟಿರುವಾಗ, ಪುಕ್ಕಟೆ ಶಕ್ತಿ ಎಂದರೆ ಉಳಿದಿರುವ ನೀರನ್ನೂ ಬೇಗ ಬರಿದು ಮಾಡುವ ದಾರಿ ಆದೀತು. ಶಕ್ತಿ ಮತ್ತೆ ಮತ್ತೆ ಬರುವಂತಹುದಾದರೂ, ಅದು ಎತ್ತುವ ನೀರು ಅಷ್ಟು ಬೇಗ ಮತ್ತೆ ಬರುವುದಿಲ್ಲ.

ಇದಕ್ಕೊಂದು ಪರಿಹಾರವನ್ನು ಗುಜರಾತಿನ ಖೇಡಾ ಜಿಲ್ಲೆಯ ಢೂಂಡಿ ಗ್ರಾಮದ ರೈತರು ತೋರಿಸಿದರು. ಅಲ್ಲಿ 2016ರಲ್ಲಿ ಆರು ಜನ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿದರು. ನೀರಾವರಿಗೆ ಬೇಕಾದಷ್ಟು ಬಳಸಿ, ಮಿಕ್ಕ ವಿದ್ಯುತ್ತನ್ನು ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ವಿದ್ಯುತ್ ಕಂಪನಿಗೆ ಮಾರುವ ಒಪ್ಪಂದ ಮಾಡಿಕೊಂಡರು. ಆಗ ಅನಾವಶ್ಯಕವಾಗಿ ಪಂಪು ಓಡಿಸುವುದೆಂದರೆ ಕೈಯಲ್ಲಿನ ಹಣವನ್ನು ಕಾಲುವೆಗೆ ಹರಿಸಿದಂತೆ. ಬಿಸಿಲೂ ಒಂದು ಬೆಳೆಯಾಯಿತು, ನೀರು ಉಳಿಸಿದವನಿಗೆ ಲಾಭವಾಯಿತು. ಕರ್ನಾಟಕದಲ್ಲಿಯೂ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ ಇದೇ ತತ್ವದ ಮೇಲೆ ಪಂಪುಗಳನ್ನು ಅಳವಡಿಸಲಾಯಿತು. ಸೌರ ಪಂಪು ಹಾಕಿಸುವವರು ತಂತಿಗೆ ಜೋಡಿಸಿ ಮಾರುವ ಅವಕಾಶವಿದೆಯೇ ಎಂದು ಮೊದಲು ವಿಚಾರಿಸಬೇಕು. ಅವಕಾಶವಿಲ್ಲದ ಕಡೆ ಹನಿ ನೀರಾವರಿ, ಇಂಗುಗುಂಡಿ, ಕಡಿಮೆ ನೀರಿನ ಬೆಳೆ ಇವುಗಳ ಜೊತೆಗಲ್ಲದೆ ಸೌರ ಪಂಪು ಹಾಕುವುದು ದೂರದೃಷ್ಟಿಯಲ್ಲ.

ಮಾಡಬೇಕಾದ ಮೊದಲ ಕೆಲಸ

ಊರುಗಳು ಇನ್ನೊಬ್ಬರು ಬಂದು ಲೆಕ್ಕ ತೆಗೆಯಲೆಂದು ಕಾಯಬೇಕಾಗಿಲ್ಲ. ಪ್ರತಿ ಕುಟುಂಬವೂ ಒಂದು ವಾರ ತನ್ನ ಮನೆಯ ಸೌದೆಯನ್ನೂ ಕೊಟ್ಟಿಗೆಯ ಸಗಣಿಯನ್ನೂ ತೂಕಮಾಡಿ ಬರೆದಿಡಲಿ. ಸೌದೆ ತರಲು ಯಾರು, ಎಷ್ಟು ಹೊತ್ತು ನಡೆದರು ಎಂಬುದನ್ನೂ ಬರೆಯಲಿ. ಪಂಪು ದಿನಕ್ಕೆ ಎಷ್ಟು ಗಂಟೆ ಓಡಿತು, ಬಾವಿಯ ನೀರು ಎಲ್ಲಿಗೆ ಇಳಿಯಿತು ಎಂಬುದೂ ಆ ಪುಸ್ತಕದಲ್ಲಿರಲಿ. ಈ ಲೆಕ್ಕ ಬರೆಯುವಾಗ ಮನೆಯ ಹೆಂಗಸರನ್ನು ಕೂರಿಸಿಕೊಂಡೇ ಬರೆಯಬೇಕು. ಏಕೆಂದರೆ ನಿಜವಾದ ಅಂಕಿಗಳು ಅವರಿಗೇ ಗೊತ್ತು.

ಹೀಗೆ ಹತ್ತಿಪ್ಪತ್ತು ಮನೆಗಳ ಲೆಕ್ಕ ಕೂಡಿದರೆ ಊರಿಗೆ ಮೊದಲು ಬೇಕಾದದ್ದು ಅಡಿಗೆ ಅನಿಲವೋ, ಕುಡಿಯುವ ನೀರೋ, ಪಂಪಿನ ವಿದ್ಯುತ್ತೋ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಆ ಪುಸ್ತಕ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಬ್ಯಾಂಕಿಗೆ ಹೋದ ರೈತನ ಮಾತಿಗೆ ತೂಕ ಬರುತ್ತದೆ. ಗ್ರಾಮಸಭೆಯಲ್ಲಿ ಯೋಜನೆಯ ಮಾತು ಬಂದಾಗಲೂ, ಅದು ಊರಿಗೆ ಹೊಂದುವುದೇ ಇಲ್ಲವೇ ಎಂದು ಅಂಕಿ ಮುಂದಿಟ್ಟು ಹೇಳಬಹುದು.

ವಿಸ್ತರಣಾ ಕಾರ್ಯಕರ್ತರು ಬರುವ ತಿಂಗಳ ಭೇಟಿಯಲ್ಲಿ ಒಂದು ತಕ್ಕಡಿ ಹಾಗೂ ಒಂದು ನೋಟ್ ಪುಸ್ತಕ ತೆಗೆದುಕೊಂಡು ಹೋಗಿ, ಒಂದೇ ಒಂದು ಊರಿನಲ್ಲಿ ಈ ಕೆಲಸ ಪ್ರಾರಂಭಿಸಿದರೂ ಸಾಕು.